ತುಮಕೂರಿನ ಬಿಇಯಿಂದ ಕೆನಡಾದ ಪಿ.ಎಂಜ್. ಸೀಲ್‌ವರೆಗೆ: ಊರು ಬಿಡುವ ಮೊದಲೇ ಶುರುವಾಗುವ ಕೆಲಸ

ನಮ್ಮ ತುಮಕೂರಿನಲ್ಲಿ ಬಿಇ ಕೊನೆಯ ಸೆಮಿಸ್ಟರ್ ಮುಗಿಯುವ ಮೊದಲೇ ಬೀದಿಯವರೆಲ್ಲ ‘ಇಂಜಿನಿಯರ್ರು’ ಅಂತ ಕರೆಯೋಕೆ ಶುರು ಮಾಡುತ್ತಾರೆ. ಮನೆ ಪ್ಲಾನ್ ಬರೆದುಕೊಡುವ ಡಿಪ್ಲೊಮಾ ಹುಡುಗನೂ ಇಂಜಿನಿಯರ್ರೇ, ಸೈಟಿನಲ್ಲಿ ಕ್ಯೂರಿಂಗ್ ನೋಡಿಕೊಳ್ಳುವವನೂ ಇಂಜಿನಿಯರ್ರೇ. ಕೆನಡಾದಲ್ಲಿ ಆ ಪದಕ್ಕೆ ಕಾನೂನಿನ ಕಾವಲಿದೆ. ಲೈಸೆನ್ಸ್ ಇಲ್ಲದೆ ವಿಸಿಟಿಂಗ್ ಕಾರ್ಡಿನ ಮೇಲೆ ಇಂಜಿನಿಯರ್ ಎಂದು ಹಾಕಿಸಿಕೊಂಡರೆ ನೋಟಿಸ್ ಬರಬಹುದು. ಲೈಸೆನ್ಸ್ ಸಿಕ್ಕವರು ಹೆಸರಿನ ಮುಂದೆ ಪಿ.ಎಂಜ್. (ಪ್ರೊಫೆಷನಲ್ ಇಂಜಿನಿಯರ್) ಎಂದು ಬರೆದುಕೊಳ್ಳುತ್ತಾರೆ, ಡ್ರಾಯಿಂಗಿಗೆ ತಮ್ಮ ಹೆಸರಿನ ಸೀಲ್ ಹಾಕುತ್ತಾರೆ.

ನಾನು ಸಿವಿಲ್. ಓದಿದ್ದು ತುಮಕೂರಿನಲ್ಲಿ. ಪಾವಗಡದ ಸೋಲಾರ್ ಪಾರ್ಕಿನಲ್ಲೂ ಜಿಲ್ಲೆಯ ಬೇರೆ ಸೈಟುಗಳಲ್ಲೂ ಕೆಲಸ ಮಾಡಿ, ಆಮೇಲೆ ಒಂಟಾರಿಯೊಗೆ ಹೋದವನು. ರಜಕ್ಕೆ ಊರಿಗೆ ಬಂದಾಗಲೆಲ್ಲ ಜೂನಿಯರ್‌ಗಳು ಕೇಳುವ ಮೊದಲ ಪ್ರಶ್ನೆ ಒಂದೇ: ‘ಅಣ್ಣ, ಎಕ್ಸಾಮ್ ಕಷ್ಟನಾ?’ ಎಕ್ಸಾಮ್ ಓದಿದರೆ ಆಗುತ್ತದೆ ಕಣ್ರಪ್ಪಾ. ನೀವು ಮಾಡಿದ ಕೆಲಸ ನೀವೇ ಮಾಡಿದ್ದು ಅಂತ ತೋರಿಸೋದೇ ಕಷ್ಟ. ಅದರ ಪುರಾವೆಯೆಲ್ಲ ಇರುವುದು ಇಲ್ಲೇ: ಹಳೆ ಆಫೀಸಿನ ಬೀರುವಿನಲ್ಲಿ, ಕೆಲಸದ ಅಳತೆ ಬರೆದಿಡುವ ಎಂಬಿ ಬುಕ್ಕಿನಲ್ಲಿ, ಇನ್ನೇನು ರಿಟೈರ್ ಆಗುವ ಎಇಇ ಸಾಹೇಬರ ನೆನಪಿನಲ್ಲಿ. ವಿಮಾನ ಹತ್ತಿದ ಮೇಲೆ ಅದನ್ನು ಹುಡುಕಿಸೋದು ಎಷ್ಟು ಪಾಡು ಅಂತ ಅನುಭವಿಸಿಯೇ ಹೇಳುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ

ಪಿಆರ್ (ಅಲ್ಲಿ ಕಾಯಂ ನೆಲೆಸುವ ಅನುಮತಿ) ಬೇರೆ, ಲೈಸೆನ್ಸ್ ಬೇರೆ. ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವಲಸೆ ಅರ್ಜಿಗಾಗಿ ನೀವು ಡಬ್ಲ್ಯುಇಎಸ್‌ನಂಥ ಸಂಸ್ಥೆಯಿಂದ ಪದವಿಯ ಮೌಲ್ಯಮಾಪನ ಮಾಡಿಸುತ್ತೀರಿ. ‘ಇದು ಕೆನಡಾದ ಬ್ಯಾಚುಲರ್ ಪದವಿಗೆ ಸಮ’ ಎಂದು ವರದಿ ಬರುತ್ತದೆ. ಅದು ವಲಸೆಯ ಪಾಯಿಂಟ್‌ಗೆ ಮಾತ್ರ. ಸಿವಿಲ್ ಇಂಜಿನಿಯರ್‌ಗೆ ಅಂತ ಅರ್ಜಿಯಲ್ಲಿ ತುಂಬುವ 21300 ಎಂಬ ಎನ್‌ಒಸಿ ಸಂಖ್ಯೆಯೂ ಅಷ್ಟೇ. ನಮ್ಮೂರಿನಲ್ಲಿ ಎನ್‌ಒಸಿ ಅಂದರೆ ಆಕ್ಷೇಪಣೆ ಇಲ್ಲ ಎಂಬ ಪತ್ರ. ಅಲ್ಲಿ ಅದು ಉದ್ಯೋಗಗಳ ಪಟ್ಟಿಯ ಹೆಸರು, ಅನುಮತಿ ಪತ್ರವಲ್ಲ. ಲೈಸೆನ್ಸ್ ಕೊಡುವ ಸಂಸ್ಥೆ ನಿಮ್ಮ ಪದವಿಯನ್ನು ತನ್ನದೇ ಅಳತೆಯಲ್ಲಿ ಮತ್ತೊಮ್ಮೆ ನೋಡುತ್ತದೆ.

ಆ ಸಂಸ್ಥೆ ಯಾವುದು ಅನ್ನೋದು ನೀವು ಯಾವ ಪ್ರಾಂತ್ಯಕ್ಕೆ ಹೋಗುತ್ತೀರಿ ಎಂಬುದರ ಮೇಲೆ ನಿಂತಿದೆ. ಇಡೀ ಕೆನಡಾಕ್ಕೆ ಒಂದೇ ಲೈಸೆನ್ಸ್ ಇಲ್ಲ. ಪ್ರಾಂತ್ಯ ಮತ್ತು ಪ್ರದೇಶಗಳದ್ದು ಸೇರಿ 12 ನಿಯಂತ್ರಣ ಸಂಸ್ಥೆಗಳಿವೆ. ಒಂಟಾರಿಯೊದಲ್ಲಿ ಪಿಇಒ, 1922ರಲ್ಲಿ ಹುಟ್ಟಿದ್ದು. ಆಲ್ಬರ್ಟಾದಲ್ಲಿ ಅಪೆಗಾ, ಬ್ರಿಟಿಷ್ ಕೊಲಂಬಿಯಾದಲ್ಲಿ ಇಜಿಬಿಸಿ. ಕ್ವಿಬೆಕ್ ಆದರೆ ಫ್ರೆಂಚ್ ಬರಲೇಬೇಕು. ಇಂಜಿನಿಯರ್ಸ್ ಕೆನಡಾ ಅನ್ನುವುದು ಇವೆಲ್ಲದರ ಒಕ್ಕೂಟ, ಅದು ಲೈಸೆನ್ಸ್ ಕೊಡುವುದಿಲ್ಲ. ಎಲ್ಲಿ ಕೆಲಸ ಸಿಗುವ ದಾರಿ ಕಾಣುತ್ತದೋ ಆ ಪ್ರಾಂತ್ಯಕ್ಕೇ ಅರ್ಜಿ ಹಾಕಿ. ಒಂದು ಕಡೆ ಸಿಕ್ಕಿದರೆ ಆಮೇಲೆ ಇನ್ನೊಂದು ಪ್ರಾಂತ್ಯಕ್ಕೆ ಬದಲಾಯಿಸಿಕೊಳ್ಳುವುದು ಸುಲಭ. ಹಾಗಾಗಿ ‘ಯಾವ ಪ್ರಾಂತ್ಯದಲ್ಲಿ ಬೇಗ ಕೊಡ್ತಾರೆ’ ಅಂತ ವಾಟ್ಸಾಪ್ ಗುಂಪಿನಲ್ಲಿ ತಿಂಗಳುಗಟ್ಟಲೆ ಚರ್ಚೆ ಮಾಡಬೇಡಿ.

ಐಟಿ ಗೆಳೆಯರಿಗೆ ಒಂದು ಮಾತು. ಸಾಫ್ಟ್‌ವೇರ್ ಇಂಜಿನಿಯರ್ ಎಂಬ ಹುದ್ದೆಯ ಹೆಸರಿಗೂ ಅಲ್ಲಿ ಜಗಳವಿದೆ. ಆಲ್ಬರ್ಟಾ 2023ರಲ್ಲಿ ಕಾನೂನು ತಿದ್ದಿ ಅವರಿಗೆ ವಿನಾಯಿತಿ ಕೊಟ್ಟಿತು. ಕೋಡ್ ಬರೆಯುವ ಕೆಲಸಕ್ಕೆ ಹೋಗುವವರಲ್ಲಿ ಬಹಳ ಜನ ಲೈಸೆನ್ಸ್ ಗೋಜಿಗೇ ಹೋಗುವುದಿಲ್ಲ. ಸಿವಿಲ್, ಸ್ಟ್ರಕ್ಚರಲ್, ಪವರ್, ಎಚ್‌ವಿಎಸಿ (ಕಟ್ಟಡದ ಗಾಳಿ, ತಾಪ ನಿಯಂತ್ರಣ) ಕಡೆಯವರಿಗೆ ಮಾತ್ರ ಇದು ಅನ್ನದ ಪ್ರಶ್ನೆ. ಮುಂದಿನದನ್ನು ಅವರಿಗಾಗಿಯೇ ಬರೆದಿದ್ದೇನೆ.

ಹೆಜ್ಜೆ 1: ಹೆಸರು ಸರಿಮಾಡಿಕೊಳ್ಳಿ

ನಗಬೇಡಿ. ನನಗೆ ಜಾಸ್ತಿ ದಿನ ಹಿಡಿದಿದ್ದರಲ್ಲಿ ಇದೂ ಒಂದು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ‘ಮಂಜುನಾಥ ಟಿ. ಆರ್.’ ಎಂದಿರುತ್ತದೆ ಅಂದುಕೊಳ್ಳಿ. ಬಿಇ ಸರ್ಟಿಫಿಕೇಟಿನಲ್ಲಿ ಇನಿಷಿಯಲ್ ಮುಂದಕ್ಕೆ ಬಂದಿರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಟಿ ಅಂದರೆ ಊರು, ಆರ್ ಅಂದರೆ ಅಪ್ಪ ಅಂತ ಬಿಡಿಸಿ, ಅಪ್ಪನ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಹಾಕಿರುತ್ತಾರೆ. ನಮಗೆ ಮೂರೂ ಒಬ್ಬನೇ ಮನುಷ್ಯ. ಕೆನಡಾದ ಗುಮಾಸ್ತರಿಗೆ ಮೂವರು.

ಎಲ್ಲ ದಾಖಲೆಯ ಹೆಸರನ್ನೂ ಒಂದು ಹಾಳೆಯ ಮೇಲೆ ಬರೆದು ನೋಡಿ. ವ್ಯತ್ಯಾಸ ಇದ್ದರೆ ‘ಇವೆಲ್ಲ ಒಬ್ಬರದೇ ಹೆಸರು’ ಎಂಬ ಅಫಿಡವಿಟ್ ಅನ್ನು ಇಂಗ್ಲಿಷಿನಲ್ಲಿ ನೋಟರಿ ಮುಂದೆ ಮಾಡಿಸಿ. ಕೋರ್ಟ್ ಹತ್ತಿರ ಅರ್ಧ ದಿನದ ಕೆಲಸ. ಎರಡು ಮೂರು ಮೂಲ ಪ್ರತಿ ಮಾಡಿಸಿಟ್ಟುಕೊಳ್ಳಿ. ಅರ್ಜಿಯಲ್ಲೆಲ್ಲ ಪಾಸ್‌ಪೋರ್ಟಿನಲ್ಲಿ ಇರುವ ಹೆಸರನ್ನೇ ಬಳಸಿ.

ಊರಿನ ಹೆಸರಿನದು ಇನ್ನೊಂದು ಕತೆ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿ ಟುಮ್ಕೂರ್ ಹೋಗಿ ತುಮಕೂರು ಬಂತು, ಬೆಲ್ಗಾಂ ಹೋಗಿ ಬೆಳಗಾವಿ ಬಂತು. ಕನ್ನಡದಲ್ಲಿ ಓದುವ ನಮಗೆ ಏನೂ ಬದಲಾಗಲೇ ಇಲ್ಲ. ಆದರೆ ಆ ವರ್ಷದ ಆಚೀಚೆ ಓದಿದವರ ಒಂದೇ ಕಾಲೇಜಿನ, ಒಂದೇ ವಿಶ್ವವಿದ್ಯಾಲಯದ ಕಾಗದಗಳಲ್ಲಿ ಎರಡೆರಡು ವಿಳಾಸ. ‘ನಿಮ್ಮ ಕಾಲೇಜು ಬೇರೆ ಊರಿಗೆ ಸ್ಥಳಾಂತರ ಆಯಿತೇ?’ ಎಂದು ನನ್ನನ್ನು ಇಮೇಲಿನಲ್ಲಿ ಕೇಳಿದ್ದರು. ಊರುಗಳ ಇಂಗ್ಲಿಷ್ ಹೆಸರು ಸರ್ಕಾರವೇ ಬದಲಿಸಿದ್ದು ಎಂದು ಅರ್ಜಿಯ ಜೊತೆ ಎರಡು ಸಾಲಿನ ವಿವರಣೆ ಇಟ್ಟುಬಿಡಿ, ಈ ಪ್ರಶ್ನೆಯೇ ಬರುವುದಿಲ್ಲ.

ಹೆಜ್ಜೆ 2: ಪದವಿಯ ಕಾಗದ

ಎಲ್ಲ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್, ಪದವಿ ಪ್ರಮಾಣಪತ್ರ, ಟ್ರಾನ್ಸ್‌ಕ್ರಿಪ್ಟ್. ಪಿಡಿಸಿ (ತಾತ್ಕಾಲಿಕ ಪದವಿ ಪತ್ರ) ಸಾಕು ಅಂತ ಕಾನ್ವೊಕೇಶನ್ ಸರ್ಟಿಫಿಕೇಟ್ ತೆಗೆದುಕೊಳ್ಳದೆ ಬಿಟ್ಟವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಮೊದಲು ಅದನ್ನು ತರಿಸಿಕೊಳ್ಳಿ. ಟ್ರಾನ್ಸ್‌ಕ್ರಿಪ್ಟ್ ನಿಮ್ಮ ಕೈಯಿಂದ ಹೋಗುವಂತಿಲ್ಲ. ವಿಶ್ವವಿದ್ಯಾಲಯದಿಂದಲೋ ಕಾಲೇಜಿನ ಪರೀಕ್ಷಾ ವಿಭಾಗದಿಂದಲೋ ನೇರವಾಗಿ ಹೋಗಬೇಕು. ವಲಸೆಗೆ ಕಳಿಸಿದ ಟ್ರಾನ್ಸ್‌ಕ್ರಿಪ್ಟ್ ಲೈಸೆನ್ಸಿಗೂ ಆಗುತ್ತದೆ ಅಂದುಕೊಳ್ಳಬೇಡಿ. ಒಂದೇ ಓಡಾಟದಲ್ಲಿ ಎರಡು ಮೂರು ಸೆಟ್‌ಗೆ ಕೇಳಿ.

ಯಾರೂ ಹೇಳದ ಇನ್ನೊಂದು ವಸ್ತು ಸಿಲಬಸ್. ನೀವು ಓದಿದ ಸ್ಕೀಮಿನ ಸಿಲಬಸ್, ವಿಷಯವಾರು ಪಾಠದ ಗಂಟೆಗಳ ಜೊತೆ ಬೇಕಾಗಬಹುದು. ವಿಟಿಯುನಲ್ಲಿ 2010ರ ಸ್ಕೀಮ್, 2015ರ ಸಿಬಿಸಿಎಸ್, 2018ರ ಸ್ಕೀಮ್ ಎಲ್ಲ ಬೇರೆ ಬೇರೆ. ಮಾರ್ಕ್ಸ್ ಕಾರ್ಡಿನ ವಿಷಯದ ಕೋಡ್ ನೋಡಿ ನಿಮ್ಮದು ಯಾವುದೆಂದು ಖಚಿತ ಮಾಡಿಕೊಂಡು, ಆ ಪಿಡಿಎಫ್ ಅನ್ನು ಈಗಲೇ ಇಳಿಸಿಟ್ಟುಕೊಳ್ಳಿ. ನನ್ನದು ಸಿಗದೆ, ಕೊನೆಗೆ ಕಾಲೇಜಿನ ಹಳೆ ಲ್ಯಾಬ್ ಇನ್‌ಸ್ಟ್ರಕ್ಟರ್ ಒಬ್ಬರು ತಮ್ಮ ಮೇಜಿನ ಡ್ರಾಯರಿನಿಂದ ಪುಸ್ತಕ ತೆಗೆದು ಫೋಟೊ ಹೊಡೆದು ಕಳಿಸಿದರು.

ವಾಷಿಂಗ್ಟನ್ ಅಕಾರ್ಡ್ ಬಗ್ಗೆ ಕೇಳಿರುತ್ತೀರಿ. ಇಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಗುರುತಿಸುವ ಒಪ್ಪಂದ ಅದು. ಭಾರತ ಅದರ ಪೂರ್ಣ ಸದಸ್ಯ ಆಗಿದ್ದು 2014ರ ಜೂನಿನಲ್ಲಿ. ಕಾಲೇಜಿನ ಗೇಟಿನ ಮೇಲೆ ಎನ್‌ಬಿಎ (ಇಂಜಿನಿಯರಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಮಂಡಳಿ) ಬೋರ್ಡ್ ಇದ್ದ ಮಾತ್ರಕ್ಕೆ ಆಗಲಿಲ್ಲ. ಟಯರ್-1 ಮಾನ್ಯತೆ ಇರಬೇಕು. ಅದು ಸ್ವಾಯತ್ತ ಕಾಲೇಜುಗಳಿಗೆ ಮತ್ತು ವಿಶ್ವವಿದ್ಯಾಲಯಗಳಿಗೆ ಮಾತ್ರ. ಸಾಮಾನ್ಯ ವಿಟಿಯು ಸಂಯೋಜಿತ ಕಾಲೇಜಿಗೆ ಸಿಗುವುದು ಟಯರ್-2, ಅದು ಒಪ್ಪಂದದೊಳಗೆ ಬರುವುದಿಲ್ಲ. ಮಾನ್ಯತೆ ಕಾಲೇಜಿಗಲ್ಲ, ಬ್ರಾಂಚಿಗೆ. ಅದಕ್ಕೂ ಅವಧಿ ಇದೆ. ನಿಮ್ಮ ಬ್ರಾಂಚ್, ನಿಮ್ಮ ಪಾಸಿಂಗ್ ವರ್ಷ ಆ ಅವಧಿಯೊಳಗೆ ಬರುತ್ತದೆಯೇ ಎಂದು ಎನ್‌ಬಿಎ ವೆಬ್‌ಸೈಟಿನಲ್ಲಿ ನೋಡಿ. ಬಂದರೆ ಪರೀಕ್ಷೆಯ ಹೊರೆ ಕಡಿಮೆ ಆಗಬಹುದು. ಎಲ್ಲ ಪ್ರಾಂತ್ಯಗಳೂ ಅದನ್ನು ಒಂದೇ ತೂಕದಲ್ಲಿ ನೋಡುವುದಿಲ್ಲ.

ಹೆಜ್ಜೆ 3: ವಿಷಯದ ಪರೀಕ್ಷೆ ಬಂದರೆ

ಕೆನಡಾದ ಮಾನ್ಯತೆ ಇಲ್ಲದ ಪದವಿಯವರಿಗೆ ತಾಂತ್ರಿಕ ಪರೀಕ್ಷೆ ಬರೆಯಲು ಹೇಳುವುದುಂಟು. ಅವಮಾನ ಅಂದುಕೊಳ್ಳಬೇಡಿ, ಅದು ಸಾಮಾನ್ಯ. ಕೆಲವು ಕಡೆ ಅಮೆರಿಕದ ಎಫ್‌ಇ (ಇಂಜಿನಿಯರಿಂಗ್ ಮೂಲ ವಿಷಯಗಳ) ಪರೀಕ್ಷೆ ಬರೆಯಲು ಹೇಳುತ್ತಾರೆ. ಅದು ಕಂಪ್ಯೂಟರಿನಲ್ಲಿ ಬರೆಯುವ 110 ಪ್ರಶ್ನೆಗಳ ಪರೀಕ್ಷೆ. ಬರೆಯಲು ಸಿಗುವುದು 5 ಗಂಟೆ 20 ನಿಮಿಷ. ಸೂತ್ರಗಳ ಕೈಪಿಡಿ ಪರದೆಯ ಮೇಲೇ ಇರುತ್ತದೆ, ಬಾಯಿಪಾಠ ಬೇಕಿಲ್ಲ. ಎರಡನೇ ವರ್ಷದ ಗಣಿತ, ಸ್ಟ್ರೆಂತ್ ಆಫ್ ಮೆಟೀರಿಯಲ್ಸ್, ಫ್ಲೂಯಿಡ್ಸ್ ಮತ್ತೆ ತೆಗೆದು ಕೂತರೆ ಆಗುತ್ತದೆ. ಹೋಗುವ ಮೊದಲೇ ಇಲ್ಲೇ ಸಂಜೆ ಹೊತ್ತು ಓದಿ ಮುಗಿಸಿ. ಅಲ್ಲಿ ಮೊದಲ ಚಳಿಗಾಲದಲ್ಲಿ ಪುಸ್ತಕ ಹಿಡಿಯುವ ಮನಸ್ಸು ಬರಲ್ಲ.

ಹೆಜ್ಜೆ 4: ಅನುಭವ, ಇಲ್ಲೇ ಎಲ್ಲರೂ ಸಿಕ್ಕಿಬೀಳುವುದು

ಒಂಟಾರಿಯೊದಲ್ಲಿ ಬೇಕಾಗುವುದು 48 ತಿಂಗಳ ಇಂಜಿನಿಯರಿಂಗ್ ಅನುಭವ. ಮೊದಲು ಅದರಲ್ಲಿ ಒಂದು ವರ್ಷ ಕೆನಡಾದಲ್ಲೇ ಆಗಿರಬೇಕಿತ್ತು. ಆ ಷರತ್ತನ್ನು 2023ರ ಮೇ ತಿಂಗಳಲ್ಲಿ ತೆಗೆದರು. ಅಂದರೆ ತುಮಕೂರಿನ ನಾಲ್ಕು ವರ್ಷ ಪೂರ್ತಿ ಲೆಕ್ಕಕ್ಕೆ ಬರಬಹುದು. ಕೇಳಲು ಖುಷಿ. ಆದರೆ ಪಾವಗಡದ ಬಿಸಿಲಲ್ಲಿ ಮಾಡಿದ್ದನ್ನು ಟೊರೊಂಟೊದಲ್ಲಿ ಕೂತವರಿಗೆ ಕಾಣಿಸುವ ಹಾಗೆ ಬರೆಯುವ ಭಾರವೂ ಪೂರ್ತಿ ನಿಮ್ಮ ಮೇಲೇ ಬಂತು.

ಅನುಭವವನ್ನು ಅವರು ಸಾಮರ್ಥ್ಯಗಳಾಗಿ ಬಿಡಿಸಿ ಅಳೆಯುತ್ತಾರೆ. ಒಟ್ಟು 34 ಸಾಮರ್ಥ್ಯ, 7 ಗುಂಪು: ತಾಂತ್ರಿಕ ಕೌಶಲ, ಸಂವಹನ, ಯೋಜನೆ ಮತ್ತು ಹಣದ ನಿರ್ವಹಣೆ, ತಂಡದ ಕೆಲಸ, ವೃತ್ತಿಯ ಹೊಣೆ, ಸಮಾಜ-ಪರಿಸರದ ಮೇಲಿನ ಪರಿಣಾಮ, ಸ್ವಂತ ಕಲಿಕೆ. ಪ್ರತಿಯೊಂದಕ್ಕೂ ನಿಮ್ಮ ಕೆಲಸದಿಂದ ಒಂದು ಉದಾಹರಣೆ ಬರೆಯಬೇಕು. ಏನು ಪರಿಸ್ಥಿತಿ ಇತ್ತು, ನೀವು ಏನು ಮಾಡಿದಿರಿ, ಏನಾಯಿತು, ಈ ಮೂರು ಭಾಗದಲ್ಲಿ. 0ರಿಂದ 5ರವರೆಗೆ ಅಂಕ.

ನನ್ನ ಮೊದಲ ಕರಡು ಹೀಗಿತ್ತು: ‘ಸೋಲಾರ್ ಪ್ಲಾಂಟಿನ ಪೈಲಿಂಗ್ ಕೆಲಸವನ್ನು ಯಶಸ್ವಿಯಾಗಿ ಮುಗಿಸಿದೆವು. ಗುಣಮಟ್ಟ ಮತ್ತು ಸುರಕ್ಷತೆಯನ್ನು ನೋಡಿಕೊಳ್ಳುತ್ತಿದ್ದೆ.’ ಈಗ ಓದಿದರೆ ನಗು ಬರುತ್ತದೆ. ಮುಗಿಸಿದೆವು ಅಂದರೆ ಯಾರು? ನೋಡಿಕೊಳ್ಳುತ್ತಿದ್ದೆ ಅಂದರೆ ಏನು ಮಾಡುತ್ತಿದ್ದೆ? ನಾವು ಬೆಳೆದಿರುವ ರೀತಿಯೇ ಹಾಗೆ. ‘ನಾನು ಮಾಡಿದೆ’ ಅಂದರೆ ಜಂಬ ಅನ್ನುತ್ತಾರೆ ಅಂತ ‘ನಾವು’ ಅನ್ನುತ್ತೇವೆ. ಈ ಅರ್ಜಿಯಲ್ಲಿ ಆ ವಿನಯ ಅಂಕ ಕಳೆಯುತ್ತದೆ.

ತಿದ್ದಿದ ಮೇಲೆ ಆದದ್ದು ಸುಮಾರು ಹೀಗೆ. ಪರಿಸ್ಥಿತಿ: ಪ್ಯಾನೆಲ್ ಹಿಡಿಯುವ ಕಂಬಗಳ ಅಡಿಪಾಯ. ಒಂದು ಬ್ಲಾಕಿನಲ್ಲಿ ಮೇಲೆ ಸಡಿಲ ಗರಸು ಮಣ್ಣು, ಕೆಲವು ಕಡೆ ಕೆಳಗೇ ಬಂಡೆ. ಗಾಳಿ ಪ್ಯಾನೆಲನ್ನು ಮೇಲಕ್ಕೆತ್ತುವ ಬಲ ತಡೆಯುತ್ತದೆಯೇ ಎಂದು ನೋಡಲು ಮಾಡಿದ ಪುಲ್‌ಔಟ್ ಟೆಸ್ಟಿನಲ್ಲಿ ಕೆಲವು ಪೈಲ್‌ಗಳು (ನೆಲದೊಳಗೆ ಇಳಿಸಿದ ಕಂಬಗಳು) ಲೆಕ್ಕದ ಬಲಕ್ಕೆ ಮೊದಲೇ ಜಾರಿದವು. ನಾನು ಮಾಡಿದ್ದು: ಬಲ ಮತ್ತು ಜಾರಿದ ದೂರದ ಗ್ರಾಫ್ ಎಳೆದು, ಯಾವ ಪೈಲ್‌ಗಳು ಸೋತವು ಎಂದು ನಕ್ಷೆಯಲ್ಲಿ ಗುರುತಿಸಿದೆ. ಅವೆಲ್ಲ ಹಳೆ ಹಳ್ಳದ ಜಾಡಿನ ಉದ್ದಕ್ಕೂ ಇವೆ ಎಂದು ಕಂಡಿತು. ನಮ್ಮ ದೇಶದ ಮಾನದಂಡ ಐಎಸ್ 875ರ ಮೂರನೇ ಭಾಗದ ಪ್ರಕಾರ ಗಾಳಿಯ ಬಲವನ್ನು ಮತ್ತೆ ಲೆಕ್ಕ ಹಾಕಿ, ಆ ಪಟ್ಟಿಯಲ್ಲಿ ಮಾತ್ರ ಆಳ ಹೆಚ್ಚಿಸುವುದು, ಉಳಿದ ಕಡೆ ಬೇಡ ಎಂದು ವಿನ್ಯಾಸ ತಂಡಕ್ಕೆ ಬರೆದುಕೊಟ್ಟೆ. ಆದದ್ದು: ಮರುಪರೀಕ್ಷೆಯಲ್ಲಿ ಪೈಲ್‌ಗಳು ನಿಂತವು, ಇಡೀ ಬ್ಲಾಕಿಗೆ ಆಳ ಹೆಚ್ಚಿಸುವ ಖರ್ಚು ಉಳಿಯಿತು.

ಅದೇ ಪೈಲ್, ಅದೇ ಬಿಸಿಲು. ಆದರೆ ಈಗ ಅದರಲ್ಲಿ ಒಬ್ಬ ಮನುಷ್ಯ ಯೋಚನೆ ಮಾಡಿದ್ದು ಕಾಣುತ್ತದೆ.

ಇನ್ನೊಂದು ಸಂಗತಿ ನೋಡಿ. ಕೆನಡಾದ ಕೋಡುಗಳ (ನಿರ್ಮಾಣದ ನಿಯಮಗಳ), ಅಲ್ಲಿನ ಹವಾಮಾನದ ಅರಿವನ್ನೂ ತೋರಿಸಬೇಕಾಗುತ್ತದೆ. ಸುಮ್ನೆ ಕೋಡಿನ ಹೆಸರು ಬರೆದರೆ ಸಾಲದು. ನಾನು ಹೀಗೆ ಬರೆದೆ: ಪಾವಗಡದಲ್ಲಿ ಕಂಬವನ್ನು ಮೇಲಕ್ಕೆ ಎಳೆಯುವುದು ಗಾಳಿ ಮಾತ್ರ. ಒಂಟಾರಿಯೊದಲ್ಲಿ ಗಾಳಿಯ ಜೊತೆ ಮಣ್ಣೂ ಎಳೆಯುತ್ತದೆ. ಮಣ್ಣಿನ ನೀರು ಹೆಪ್ಪುಗಟ್ಟಿ ಉಬ್ಬುವಾಗ ಕಂಬವನ್ನು ಕಚ್ಚಿಕೊಂಡು ಮೇಲೆತ್ತುತ್ತದೆ. ಟೊರೊಂಟೊ ಸುತ್ತ ಮನೆಯ ಪಾಯವನ್ನೇ ಸುಮಾರು 1.2 ಮೀಟರ್ ಕೆಳಗೆ ಇಡುವುದು ಇದಕ್ಕೇ. ಹಾಗಾಗಿ ನಮ್ಮ ಟೆಸ್ಟಿನ ವಿಧಾನ ಅಲ್ಲಿಗೂ ಸಲ್ಲುತ್ತದೆ, ಆಳದ ಲೆಕ್ಕ ಸಲ್ಲುವುದಿಲ್ಲ.

ಈಗ ಇಲ್ಲಿ ಕೆಲಸದಲ್ಲಿರುವವರು ಮಾಡಬೇಕಾದದ್ದು: ಇವತ್ತಿನಿಂದ ಒಂದು ನೋಟ್‌ಬುಕ್ ಇಡಿ. ಪ್ರತಿ ಶನಿವಾರ ಐದು ಸಾಲು. ಏನು ತೊಂದರೆ ಬಂತು, ನೀವು ಏನು ಹೇಳಿದಿರಿ, ಯಾರು ಒಪ್ಪಿದರು. ಕ್ಯೂಬ್ ಟೆಸ್ಟ್ ಫೇಲ್ ಆಗಿದ್ದು, ಬಾರ್ ಬೆಂಡರ್ ತಪ್ಪಾಗಿ ಕಟ್ಟಿದ ಕಂಬಿ ಬಿಚ್ಚಿಸಿದ್ದು, ಬಿಲ್ಲಿನಲ್ಲಿ ಅಳತೆ ಜಾಸ್ತಿ ಬರೆದದ್ದನ್ನು ಹಿಡಿದದ್ದು, ಎಲ್ಲವೂ. 34 ಉದಾಹರಣೆ ಅಂದರೆ ಕಡಿಮೆ ಅಲ್ಲ. ಐದು ವರ್ಷದ ಮೇಲೆ ಕೂತು ನೆನಪಿಸಿಕೊಂಡರೆ ಬರುವುದು ಕಾಂಕ್ರೀಟ್ ಹಾಕಿದ ದಿನದ ಬಿರಿಯಾನಿ ಮಾತ್ರ. ಕಂಪನಿಯ ಡ್ರಾಯಿಂಗ್ ಮತ್ತು ಗುಟ್ಟಿನ ಕಾಗದಗಳನ್ನು ಮಾತ್ರ ಹೊತ್ತುಕೊಂಡು ಹೋಗಬೇಡಿ. ಅವು ನಿಮ್ಮವಲ್ಲ, ಅರ್ಜಿಗೆ ಬೇಕಾಗಿಯೂ ಇಲ್ಲ.

ಹೆಜ್ಜೆ 5: ಸಾಕ್ಷಿ ಹೇಳುವವರು

ನೀವು ಬರೆದ ಪ್ರತಿ ಉದಾಹರಣೆಯನ್ನೂ ಆ ಕೆಲಸ ಕಣ್ಣಾರೆ ಕಂಡ ಹಿರಿಯರೊಬ್ಬರು ಆನ್‌ಲೈನಿನಲ್ಲಿ ಓದಿ ‘ಹೌದು’ ಅನ್ನಬೇಕು. ಇವರನ್ನು ವ್ಯಾಲಿಡೇಟರ್ ಅನ್ನುತ್ತಾರೆ. ಆ ತಾಂತ್ರಿಕ ಕೆಲಸ ಅವರಿಗೆ ಖುದ್ದು ಗೊತ್ತಿರಬೇಕು. ಸೋದರಮಾವ ಪಿಡಬ್ಲ್ಯುಡಿಯಲ್ಲಿ ಇದ್ದಾರೆ ಅಂತ ಅವರ ಹೆಸರು ಕೊಟ್ಟರೆ ನಡೆಯುವುದಿಲ್ಲ.

ನಾನು ಮಾಡಿದ ದೊಡ್ಡ ತಪ್ಪು ಇಲ್ಲೇ. ಮೊದಲ ಒಂದೂವರೆ ವರ್ಷ ಒಬ್ಬ ಸಣ್ಣ ಸಬ್‌ಕಾಂಟ್ರಾಕ್ಟರ್ ಹತ್ತಿರ ಇದ್ದೆ. ಬಿಡುವಾಗ ಅನುಭವ ಪತ್ರ ಕೇಳಲಿಲ್ಲ, ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ. ಬೇಕಾದಾಗ ನೋಡಿದರೆ ಆಫೀಸಿಗೆ ಬೀಗ, ಫೋನ್ ಸ್ವಿಚ್ ಆಫ್. ಆ ಅವಧಿಗೆ ದಾರಿ ಕಂಡದ್ದು, ಆಗ ನಮ್ಮ ಕೆಲಸ ಪರಿಶೀಲಿಸುತ್ತಿದ್ದ ಕನ್ಸಲ್ಟೆಂಟ್ ಸಿಕ್ಕಿದ್ದರಿಂದ. ಅವರು ಆಗಲೇ ನಿವೃತ್ತರಾಗಿ ಗುಬ್ಬಿ ಹತ್ತಿರ ತೋಟದಲ್ಲಿದ್ದರು. ಲಿಂಕ್ ಕಳಿಸಿದೆ, ತೆರೆಯಲಿಲ್ಲ. ಫೋನ್ ಮಾಡಿದರೆ, ‘ಅಲ್ಲಪ್ಪ, ಇದಕ್ಕೆ ಓಕೆ ಕೊಟ್ರೆ ನಾಳೆ ನಂಗೇನಾದ್ರೂ ತೊಂದರೆ ಬರುತ್ತಾ? ಪೆನ್ಶನ್‌ಗೆ ಏನೂ ಆಗಲ್ಲ ತಾನೇ?’ ಅಂದರು. ಅವರ ಭಯ ನ್ಯಾಯವೇ. ನಮ್ಮಲ್ಲಿ ಸಹಿ ಅಂದರೆ ಮುಂದೆ ವಿಚಾರಣೆ ಅಂತಲೇ ಅರ್ಥ.

ಹಾಗಾಗಿ ಊರು ಬಿಡುವ ಮೊದಲು ಇಂಥವರನ್ನು ಖುದ್ದು ಹೋಗಿ ನೋಡಿ. ಇದು ಏನು, ಯಾಕೆ, ಎಷ್ಟು ಹೊತ್ತಿನ ಕೆಲಸ ಎಂದು ಕೂತು ಹೇಳಿ. ಆಫೀಸಿನ ಇಮೇಲ್ ರಿಟೈರ್ ಆದ ದಿನ ಸಾಯುತ್ತದೆ, ಸ್ವಂತ ಇಮೇಲ್ ಕೇಳಿಕೊಳ್ಳಿ. ಅವರ ಬಿಇ ವರ್ಷ, ಹುದ್ದೆ ಬರೆದುಕೊಳ್ಳಿ. ಅರ್ಜಿ ಹಾಕುವ ವಾರ ಕರಡನ್ನು ವಾಟ್ಸಾಪಿನಲ್ಲಿ ಕಳಿಸಿ, ಫೋನಿನಲ್ಲಿ ಕನ್ನಡದಲ್ಲೇ ವಿವರಿಸಿ. ಉತ್ತರ ಮಾತ್ರ ಅವರದೇ ಆಗಿರಬೇಕು. ಅವರ ಪಾಸ್‌ವರ್ಡ್ ಇಸಿದುಕೊಂಡು ನೀವೇ ತುಂಬುವ ಜಾಣತನ ಬೇಡ. ಸಿಕ್ಕಿಬಿದ್ದರೆ ಅರ್ಜಿ ಅಲ್ಲಿಗೇ ಮುಗಿಯಿತು. ನಡತೆ ಸರಿಯಿರಬೇಕು ಅನ್ನೋದೂ ಲೈಸೆನ್ಸಿನ ಷರತ್ತುಗಳಲ್ಲಿ ಒಂದು.

ಹೆಜ್ಜೆ 6: ಕಾನೂನು ಮತ್ತು ನೀತಿಯ ಪರೀಕ್ಷೆ

ಎನ್‌ಪಿಪಿಇ ಎಂದು ಹೆಸರು. ಎರಡೂವರೆ ಗಂಟೆ, 110 ಪ್ರಶ್ನೆ, ನಾಲ್ಕರಲ್ಲಿ ಒಂದು ಉತ್ತರ ಆರಿಸುವುದು. ವೃತ್ತಿನೀತಿ, ಒಪ್ಪಂದದ ಕಾನೂನು, ನಿರ್ಲಕ್ಷ್ಯದ ಹೊಣೆ, ಶಿಸ್ತುಕ್ರಮ. ಎರಡು ತಿಂಗಳು ಓದಿದರೆ ಸಾಕು. ಸಿದ್ಧಾಂತ ಗೊತ್ತಿದ್ದರೂ ನಾವು ಎಡವುವುದು ಅಭ್ಯಾಸಬಲದಿಂದ. ‘ಸರ್, ಡ್ರಾಯಿಂಗ್ ರೆಡಿ ಇದೆ, ಒಂದು ಸೈನ್ ಹಾಕಿಕೊಡಿ’ ಎಂಬ ಮಾತು ನಮಗೆ ಎಷ್ಟು ಸಹಜ ಅಲ್ವಾ? ತಾನು ಮಾಡದ, ತನ್ನ ಉಸ್ತುವಾರಿಯಲ್ಲಿ ಆಗದ ಡ್ರಾಯಿಂಗಿಗೆ ಸೀಲ್ ಹಾಕುವುದು ಅಲ್ಲಿ ಲೈಸೆನ್ಸ್ ಕಳೆದುಕೊಳ್ಳುವಂಥ ತಪ್ಪು.

ಯಾಕಿಷ್ಟು ಬಿಗಿ ಎಂದು ತಿಳಿಯಲು ಎಲಿಯಟ್ ಲೇಕ್ ಎಂಬ ಸಣ್ಣ ಊರಿನ ಕತೆ ಓದಿ. 2012ರ ಜೂನಿನಲ್ಲಿ ಅಲ್ಲಿನ ಮಾಲ್ ಒಂದರ ಮಾಳಿಗೆಯ ಪಾರ್ಕಿಂಗ್ ಕುಸಿದು ಇಬ್ಬರು ಸತ್ತರು. ವರ್ಷಗಟ್ಟಲೆ ನೀರು ಸೋರಿ ಉಕ್ಕು ತುಕ್ಕು ಹಿಡಿದಿತ್ತು. ಅದನ್ನು ಮೊದಲೇ ಬಂದು ನೋಡಿ ಹೋದ ಇಂಜಿನಿಯರ್‌ಗಳ ತಪಾಸಣೆ ಹೇಗಿತ್ತು ಎಂಬುದು ಸಾರ್ವಜನಿಕ ವಿಚಾರಣೆಯಲ್ಲಿ ದೊಡ್ಡ ಪ್ರಶ್ನೆಯಾಯಿತು.

ಅಂದಹಾಗೆ ಕಿರುಬೆರಳಿಗೆ ಕಬ್ಬಿಣದ ಉಂಗುರ ಹಾಕಿಕೊಂಡವರನ್ನು ನೋಡಿ ಅದೇ ಲೈಸೆನ್ಸ್ ಅಂದುಕೊಳ್ಳಬೇಡಿ. ಅದು ಅಲ್ಲಿ ಇಂಜಿನಿಯರಿಂಗ್ ಓದಿದವರು 1925ರಿಂದ ನಡೆಸಿಕೊಂಡು ಬಂದ ಪ್ರತಿಜ್ಞೆಯ ಗುರುತು. 1907ರಲ್ಲಿ ಬಿದ್ದ ಕ್ವಿಬೆಕ್ ಸೇತುವೆಯ ಕಬ್ಬಿಣದಿಂದ ಮಾಡಿದ್ದು ಎಂಬ ಮಾತೂ ನಿಜವಲ್ಲ.

ಅರ್ಜಿ ಹಾಕಿದ ಮೇಲೆ

ಒಂಟಾರಿಯೊದ ಕಾನೂನು ಪ್ರಕಾರ ಅರ್ಜಿ ಸಂಪೂರ್ಣವಾದ ಮೇಲೆ ಆರು ತಿಂಗಳ ಒಳಗೆ ತೀರ್ಮಾನ ಕೊಡಬೇಕು. ‘ಸಂಪೂರ್ಣ’ ಎಂಬ ಪದದ ಮೇಲೆ ಕಣ್ಣಿರಲಿ. ಒಂದು ಕಾಗದ ಬಾಕಿ ಇದ್ದರೂ ಗಡಿಯಾರ ಶುರುವಾಗುವುದಿಲ್ಲ.

ಅಲ್ಲಿವರೆಗೆ ಮನೆಯಲ್ಲಿ ಕೂರಬೇಕಿಲ್ಲ. ಲೈಸೆನ್ಸ್ ಇರುವ ಇಂಜಿನಿಯರ್ ಒಬ್ಬರು ಹೊಣೆ ಹೊತ್ತರೆ ಅವರ ಕೈಕೆಳಗೆ ಡಿಸೈನ್ ಕೆಲಸ ಮಾಡಬಹುದು. ಹುದ್ದೆಯ ಹೆಸರು ಡಿಸೈನರ್, ಪ್ರಾಜೆಕ್ಟ್ ಕೋಆರ್ಡಿನೇಟರ್, ಇನ್‌ಸ್ಪೆಕ್ಟರ್ ಹೀಗೆ ಇರುತ್ತದೆ. ಊರಿನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದವರಿಗೆ ಇದು ಚುಚ್ಚುತ್ತದೆ, ಗೊತ್ತು. ಆದರೂ ಹೋಗಿ. ಅಲ್ಲಿ ನಿಮ್ಮ ಮೇಲಿರುವ ಪಿ.ಎಂಜ್. ನಿಮ್ಮ ಅತ್ಯಂತ ಸುಲಭದ ವ್ಯಾಲಿಡೇಟರ್ ಆಗುತ್ತಾರೆ. ಟೆಕ್ನಾಲಜಿಸ್ಟ್ ಎಂಬ ಹೆಸರಿಗೂ ಬೇರೆ ನೋಂದಣಿ ಇದೆ, ಅದನ್ನು ಸುಮ್ನೆ ಅಂಟಿಸಿಕೊಳ್ಳಬೇಡಿ.

ಲೈಸೆನ್ಸ್ ಬಂದ ಮೇಲೆ ವರ್ಷ ವರ್ಷ ಶುಲ್ಕ ಕಟ್ಟಬೇಕು. ಒಂಟಾರಿಯೊದಲ್ಲಿ 2023ರಿಂದ ವೃತ್ತಿ ಕಲಿಕೆಯ ಲೆಕ್ಕ ಕೊಡುವುದೂ ಕಡ್ಡಾಯ. ಸೀಲ್ ತರಿಸಿಕೊಳ್ಳುವಾಗ ಮತ್ತೆ ಹೆಸರಿನ ಪ್ರಶ್ನೆ ಬರುತ್ತದೆ, ಲೈಸೆನ್ಸಿನಲ್ಲಿ ಇರುವ ಹಾಗೆಯೇ ಅಲ್ಲೂ ಬರುವುದು. ನನ್ನ ಸೀಲಿನಲ್ಲಿ ನನ್ನ ಹೆಸರು ಒಂದೇ ಅಕ್ಷರಕ್ಕೆ ಇಳಿದು, ಸರ್‌ನೇಮ್ ಆಗಿದ್ದ ಅಪ್ಪನ ಹೆಸರು ದೊಡ್ಡದಾಗಿ ಬಂತು. ಫೋಟೊ ಕಳಿಸಿದೆ. ಅಪ್ಪ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಫೋನ್ ಮಾಡಿ, ‘ಏನೋ ಇದು, ಕೆನಡಾದಲ್ಲಿ ಡ್ರಾಯಿಂಗಿಗೆಲ್ಲ ನಾನೇ ಸೈನ್ ಹಾಕ್ತಿದೀನಾ?’ ಅಂದರು.